ಎಲ್ಲರೂ ಗೆದ್ದ ಚುನಾವಣೆ

ಲೋಕಸಭೆಯ ಫಲಿತಾಂಶ ಬಂದ 2024ರ ಜೂನ್ 4ರಂದು ಈ ದೇಶದಲ್ಲಿ ಸೋತವರೇ ಇರಲಿಲ್ಲ. 303ರಿಂದ 240ಕ್ಕೆ ಇಳಿದ ಬಿಜೆಪಿಯವರು ಪಟಾಕಿ ಹೊಡೆದರು. 52ರಿಂದ 99ಕ್ಕೆ ಏರಿಯೂ ಅಧಿಕಾರದ ಹೊರಗೇ ಉಳಿದ ಕಾಂಗ್ರೆಸ್ಸಿನವರೂ ಹೊಡೆದರು. ಬಹುಮತಕ್ಕೆ 272 ಬೇಕೆಂಬ ಸಣ್ಣ ತೊಡಕು ಯಾರ ಸಂಭ್ರಮಕ್ಕೂ ಅಡ್ಡ ಬರಲಿಲ್ಲ. ಇಬ್ಬರ ಪ್ರಕಾರವೂ ಅದು ಐತಿಹಾಸಿಕ, ದೇಶದ ದಿಕ್ಕು ಬದಲಾಗಿತ್ತು. ಯಾವ ದಿಕ್ಕಿಗೆ ಎಂದು ಕೇಳುವ ಅರಸಿಕರು ಶಿರಸಿ ಪೇಟೆಯಲ್ಲಿ ಕಾಣಲಿಲ್ಲ. ಅಡಿಕೆ ದರ ಕೇಳುವವರಿದ್ದರು.

ಬದಲಾವಣೆಯ ಮೊದಲ ಫಲ ಮಾತ್ರ ಮಳೆ ಜೋರಾಗುವ ಮುಂಚೆಯೇ ಕೈಸೇರಿತು. ಫ್ಲೆಕ್ಸ್! ಯಾರ ಹಿತ್ತಿಲಿಗೆ ಹೋದರೂ ಕಟ್ಟಿಗೆ ರಾಶಿಯ ಮೇಲೆ ಒಬ್ಬರು ನಾಯಕರು ಅಂಗಾತ ಮಲಗಿದ್ದಾರೆ. ಮೂಗಿನ ನೇರಕ್ಕೆ ಮಡಿಕೆ ಬಿದ್ದಿದೆ, ಜನತೆಗೆ ಮುಗಿದ ಕೈಗಳನ್ನು ಕತ್ತದ ಹಗ್ಗದಿಂದ ಬಿಗಿಯಲಾಗಿದೆ, ಗಾಳಿಗೆ ಹಾರದಂತೆ ಹಣೆಯ ಮೇಲೆ ಎರಡು ಚಿರೇಕಲ್ಲು. ಹನಿ ನೀರು ಒಳಗಿಳಿಯುವುದಿಲ್ಲ. ಅರ್ಜಿ ಬೇಡದೆ, ಆಧಾರ್ ಕೇಳದೆ ಕಟ್ಟಕಡೆಯ ಮನೆಗೂ ತಲುಪಿದ ಯೋಜನೆ ಇದೊಂದೇ. ಯಾವ ಪಕ್ಷದ ಫ್ಲೆಕ್ಸ್ ಹೆಚ್ಚು ದಪ್ಪ ಎಂಬುದರ ಬಗ್ಗೆ ನನಗೊಂದು ಅಭಿಪ್ರಾಯವಿದೆ. ಹೇಳಿದರೆ ಊರಲ್ಲಿ ಇರಗೊಡುವುದಿಲ್ಲ.

ಹಾಗೆಂದು ನಮ್ಮ ಉತ್ತರ ಕನ್ನಡ ಕ್ಷೇತ್ರವನ್ನು ಸಾಮಾನ್ಯದ್ದೆಂದು ತಿಳಿಯಬೇಡಿ. 1967ರಲ್ಲಿ ಚುಟುಕು ಕವಿ ದಿನಕರ ದೇಸಾಯಿಯವರನ್ನು ಪಕ್ಷದ ಹಂಗಿಲ್ಲದೆ ದೆಹಲಿಗೆ ಕಳಿಸಿದವರು ನಾವು. 1989ರಲ್ಲಿ, ಕೈಗಾ ಅಣುಸ್ಥಾವರ ಬೇಡವೆಂದು 87ರ ವಯಸ್ಸಿನಲ್ಲಿ ಪಕ್ಷೇತರರಾಗಿ ನಿಂತ ಶಿವರಾಮ ಕಾರಂತರನ್ನು ಸೋಲಿಸಿ ಮನೆಗೆ ಕಳಿಸಿದವರೂ ನಾವೇ. ಕೈಗಾದಲ್ಲಿ ಈಗ ನಾಲ್ಕು ಘಟಕಗಳಿವೆ. ಮಳೆಗಾಲದಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಹಳ್ಳಿಗೆ ಹಳ್ಳಿಯೇ ಕತ್ತಲು. ಇನ್ನು 1977. ದೇಶವೇ ಇಂದಿರಾ ಸರ್ಕಾರವನ್ನು ಕಿತ್ತೆಸೆದಾಗ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತು; ಅದರಲ್ಲಿ ನಮ್ಮದೂ ಒಂದು. ಪರಿವರ್ತನೆಯ ಗಾಳಿಗೂ ಘಟ್ಟ ಇಳಿಯಲು ಬಸ್ ಸಿಕ್ಕಿರಲಿಲ್ಲವೇನೋ.

ಅಂಕೋಲಾಕ್ಕೆ ಘಟ್ಟ ಇಳಿಯುವ ರೈಲಂತೂ ಇಲ್ಲವೇ ಇಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ 1999ರಲ್ಲಿ ಪ್ರಧಾನಿ ವಾಜಪೇಯಿ ಅಡಿಗಲ್ಲು ಹಾಕಿದರು. 164 ಕಿಲೋಮೀಟರ್. ಇಷ್ಟು ಶಿಸ್ತಿನ ರೈಲು ಬೇರೆಲ್ಲಿದೆ? ಒಂದು ದಿನ ತಡವಾಗಿಲ್ಲ, ಹಳಿ ತಪ್ಪಿಲ್ಲ, ಬೋಗಿಯಲ್ಲಿ ಜಾಗಕ್ಕೆ ಜಗಳವಾಗಿಲ್ಲ. ಆ ಮಾರ್ಗಕ್ಕೆ ಅಡ್ಡ ಬರುವ ಕಾಡು ಉಳಿಯಬೇಕೆನ್ನುವವರಲ್ಲಿ ನಾನೂ ಒಬ್ಬ. ಆಗದಿದ್ದರೆ ಆಗದು ಎಂದು ಬಾಯಿಬಿಟ್ಟು ಹೇಳಲಿ ಎಂಬುದಷ್ಟೇ ನನ್ನ ತಕರಾರು. ಯಾರೂ ಹೇಳುವುದಿಲ್ಲ. ಹೇಳಿಬಿಟ್ಟರೆ ಮುಂದಿನ ಪ್ರಚಾರದಲ್ಲಿ ಓಡಿಸುವುದೇನನ್ನು?

ಫಲಿತಾಂಶ ಬಂದು ಸರಿಯಾಗಿ ಆರು ವಾರಕ್ಕೆ, ಜುಲೈ 16ರಂದು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗೆಂದು ಕಡಿದಿದ್ದ ಗುಡ್ಡ ಕುಸಿಯಿತು. ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ದಾರಿಬದಿಯಲ್ಲಿ ನಿಂತಿದ್ದ ಲಾರಿ, ಎಲ್ಲ ಹೋಯಿತು. ಕೇರಳದ ಚಾಲಕನನ್ನು ಲಾರಿ ಸಮೇತ ಗಂಗಾವಳಿ ನದಿಯಿಂದ ಮೇಲೆತ್ತಿದ್ದು ಸೆಪ್ಟೆಂಬರಿನಲ್ಲಿ. ನಡುವೆ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಇನ್ನೊಂದು ಲಾರಿ ನೀರಿಗೆ ಬಿತ್ತು. ಆ ಚಾಲಕ ಬದುಕಿದ.

ಇದರಲ್ಲಿ ನಗಿಸಲು ನನಗೇನೂ ಸಿಗುತ್ತಿಲ್ಲ. ಗುಡ್ಡವನ್ನು ನೆಟ್ಟಗೆ ಕಡಿದರೆ ಮಳೆಗೆ ಬೀಳುತ್ತದೆ ಎಂದು ತಿಳಿಯಲು ಯಾವ ಸರ್ಕಾರವೂ ಬದಲಾಗಬೇಕಿರಲಿಲ್ಲ. ತಲೆಗೆ ಪೆಟ್ಟು ಬಿದ್ದವರನ್ನು ನಾವು ಇಂದಿಗೂ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೊತ್ತೊಯ್ಯುತ್ತೇವೆ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡದಿದ್ದರೆ ಮತವಿಲ್ಲ ಎಂದು ಹೆದರಿಸಿದ್ದೂ ಆಯಿತು, ಸಾಲಿನಲ್ಲಿ ನಿಂತು ಮತ ಹಾಕಿದ್ದೂ ಆಯಿತು. ಅಂಬುಲೆನ್ಸಿನ ಬಾಡಿಗೆ ಈಗಲೂ ನಾವೇ ಕೊಡುತ್ತಿದ್ದೇವೆ.