ಪಳಗಿದ ಕೈಯ ಲೆಕ್ಕ ಯಾರ ಬಳಿ ಇದೆ?

ಮುಂಬಯಿಯ ದೊಡ್ಡ ಹೋಟೆಲೊಂದರಲ್ಲಿ ಭಾನುವಾರ ನಡೆದ ಹೃದ್ರೋಗ ತಜ್ಞರ ಸಮ್ಮೇಳನಕ್ಕೆ ಹೋಗಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಬೆಳಿಗ್ಗೆ ಕೊರಳಿನ ಕಾರ್ಡು ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಅರ್ಧದಷ್ಟು ಮಂದಿ ಮಧ್ಯಾಹ್ನದ ಉಪನ್ಯಾಸಕ್ಕೆ ಇರಲಿಲ್ಲ, ಸಂಜೆ ಪ್ರಮಾಣಪತ್ರ ಕೊಡುವ ಮೇಜಿನ ಮುಂದೆ ಮಾತ್ರ ಎಲ್ಲರೂ ಹಾಜರಿದ್ದರು. ಪಕ್ಕದ ಸಣ್ಣ ಕೋಣೆಯಲ್ಲಿ ಆಂಜಿಯೋಗ್ರಫಿಯನ್ನು (ಹೃದಯದ ರಕ್ತನಾಳದ ಚಿತ್ರ ತೆಗೆಯುವ ಪರೀಕ್ಷೆ) ರೋಗಿಯಿಲ್ಲದೆ ಅಭ್ಯಾಸ ಮಾಡುವ ಸಿಮ್ಯುಲೇಟರ್ ಯಂತ್ರವೊಂದನ್ನು ಇಟ್ಟಿದ್ದರು. ಹೃದ್ರೋಗ ತಜ್ಞರಾಗಲು ಡಿಎಂ ಪದವಿ ಓದುತ್ತಿರುವ ಹುಡುಗ ಹುಡುಗಿಯರು ಊಟವನ್ನೂ ಬಿಟ್ಟು ಅದರ ಮುಂದೆ ಸರದಿಯಲ್ಲಿ ನಿಂತಿದ್ದರು. ವೈದ್ಯರ ನೋಂದಣಿ ನವೀಕರಣಕ್ಕೆ ಬೇಕಾದ ಅಂಕ ಸಿಗುತ್ತಿದ್ದದ್ದು ಸಭಾಂಗಣದ ಕುರ್ಚಿಗೆ, ಆ ಕೋಣೆಯಲ್ಲಿ ಕಳೆದ ಹೊತ್ತಿಗೆ ಯಾವ ಅಂಕವೂ ಇರಲಿಲ್ಲ.

ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಲು 30 ಕ್ರೆಡಿಟ್ ಅಂಕಗಳು ಬೇಕು. ನಮ್ಮಲ್ಲಿ ಹೃದ್ರೋಗ ತಜ್ಞರಾಗಬೇಕಾದರೆ ಎಂಬಿಬಿಎಸ್ ಮತ್ತು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಡಿ ಮೂರು ವರ್ಷ, ಆಮೇಲೆ ನೀಟ್ ಎಸ್‌ಎಸ್ ಪ್ರವೇಶ ಪರೀಕ್ಷೆ ದಾಟಿ ಡಿಎಂ ಮೂರು ವರ್ಷ ಓದಬೇಕು. ಇಷ್ಟು ಕಷ್ಟಪಟ್ಟು ಮೇಲೆ ಬಂದವರ ಕೈ ಹೇಗಿದೆ ಎಂದು ಆ ಬಳಿಕ ಯಾರೂ ಅಧಿಕೃತವಾಗಿ ಕೇಳುವುದಿಲ್ಲ ಎಂಬುದೇ ನನ್ನ ತಕರಾರು.

ಹೃದಯದ ರಕ್ತನಾಳಕ್ಕೆ ಕ್ಯಾಥೆಟರ್ ಎಂಬ ಸಣ್ಣ ಕೊಳವೆ ತೂರಿಸಿ ಪರೀಕ್ಷೆ, ಚಿಕಿತ್ಸೆ ಮಾಡುವ ಕೋಣೆ ಕ್ಯಾತ್ ಲ್ಯಾಬ್. ಅದರ ಗಾಜಿನ ಈಚೆ ಕುಳಿತು ಪರದೆಯ ಮೇಲೆ ರಕ್ತದೊತ್ತಡದ ಅಲೆ ನೋಡುವುದು ನನ್ನ ಕೆಲಸ. ಕ್ಯಾಥೆಟರಿನ ತುದಿ ಹೃದಯದ ರಕ್ತನಾಳದ ಬಾಯಿಯಲ್ಲಿ ಬೇಕಾದದ್ದಕ್ಕಿಂತ ಒಳಗೆ ಹೊಕ್ಕರೆ, ಅಥವಾ ಆ ಬಾಯಿಯಲ್ಲೇ ಅಡಚಣೆ ಇದ್ದರೆ, ಪರದೆಯ ಮೇಲಿನ ಅಲೆ ಕುಗ್ಗಿ ಚಪ್ಪಟೆಯಾಗುತ್ತದೆ. ‘ಸರ್, ಪ್ರೆಶರ್ ಡ್ಯಾಂಪ್’ ಎಂದು ನಾವು ಕೂಗುತ್ತೇವೆ. ಪಳಗಿದ ವೈದ್ಯರು ಅಷ್ಟರಲ್ಲಾಗಲೇ ಕ್ಯಾಥೆಟರನ್ನು ಹಿಂದಕ್ಕೆ ಸರಿಸಿರುತ್ತಾರೆ. ಅವರ ಕಣ್ಣು ಚಿತ್ರದ ಮೇಲೆ ಎಷ್ಟಿರುತ್ತದೋ ಅಲೆಯ ಮೇಲೂ ಅಷ್ಟೇ ಇರುತ್ತದೆ. ಪಳಗದವರು ಅದೇ ಸ್ಥಿತಿಯಲ್ಲಿ, ರಕ್ತನಾಳ ಚಿತ್ರದಲ್ಲಿ ಕಾಣಲು ಬಿಡುವ ಡೈ ದ್ರವವನ್ನು ಒತ್ತಿಬಿಟ್ಟರೆ ರಕ್ತನಾಳದ ಒಳಪದರ ಸೀಳಬಹುದು, ಹೃದಯದ ಲಯವೇ ಕೆಟ್ಟು ರೋಗಿಯ ಜೀವಕ್ಕೆ ಕುತ್ತು ಬರಬಹುದು. ಈ ಎಚ್ಚರ ಬಂದಿದೆಯೇ ಎಂಬುದನ್ನು ಯಾವ ಬಹು ಆಯ್ಕೆಯ ಪ್ರಶ್ನೆಪತ್ರಿಕೆಯೂ ಹೇಳಲಾರದು. ಪಕ್ಕದಲ್ಲಿ ಒಬ್ಬರು ನಿಂತು ನೋಡಲೇಬೇಕು.

ಜಗತ್ತು ಈ ದಿಕ್ಕಿಗೆ ಹೊರಳುತ್ತಿದೆ. ಬ್ರಿಟನ್ನಿನಲ್ಲಿ ತರಬೇತಿಯ ಅವಧಿಯಲ್ಲಿ ಹಿರಿಯರು ಪ್ರಕ್ರಿಯೆಯನ್ನು ಕಣ್ಣಾರೆ ನೋಡಿ ಅಭಿಪ್ರಾಯ ದಾಖಲಿಸುವ ಪದ್ಧತಿ ಬೇರೂರಿದೆ, 2022ರ ಹೊಸ ಪಠ್ಯಕ್ರಮದ ಪ್ರಕಾರ ಹೃದ್ರೋಗ ತಜ್ಞರಾಗುವವರು ಸಾಮಾನ್ಯ ವೈದ್ಯಶಾಸ್ತ್ರದಲ್ಲೂ ಜೊತೆಜೊತೆಗೆ ಅರ್ಹತೆ ಪಡೆಯಬೇಕು. ಅಮೆರಿಕದಲ್ಲಿ ಸ್ಟೆಂಟ್ ಹಾಕುವ ತಜ್ಞರಾಗಲು ಹೃದ್ರೋಗದ ಮೂರು ವರ್ಷದ ಮೇಲೆ ಇನ್ನೊಂದು ವರ್ಷ ತರಬೇತಿ ಪಡೆದು, ಕನಿಷ್ಠ 250 ಪ್ರಕ್ರಿಯೆಗಳನ್ನು ಮಾಡಿರಬೇಕು. ಅಲ್ಲಿ ಪದೇ ಪದೇ ಪರೀಕ್ಷೆ ಬರೆಯಿಸುವ ಮಂಡಳಿಯ ಮೇಲೆ ಬೇಸತ್ತ ಹೃದ್ರೋಗ ಸಂಘಗಳು 2023ರಲ್ಲಿ ತಮ್ಮದೇ ಪ್ರತ್ಯೇಕ ಮಂಡಳಿ ಬೇಕೆಂದು ಹೊರಟವು, 2025ರಲ್ಲಿ ಆ ಮನವಿ ತಿರಸ್ಕೃತವಾಯಿತು. ಜಗಳವೇನೋ ನಡೆದಿದೆ, ಆದರೆ ತಜ್ಞರ ಯೋಗ್ಯತೆಯನ್ನು ಆಗಾಗ ಪರಿಶೀಲಿಸಬೇಕು ಎಂಬುದನ್ನು ಎರಡೂ ಪಕ್ಷಗಳು ಒಪ್ಪುತ್ತವೆ. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಡಿಎಂ ತರಬೇತಿಗೆ ಸಾಮರ್ಥ್ಯಾಧಾರಿತ ಮಾರ್ಗಸೂಚಿ ಕೊಟ್ಟಿದೆ, ಮಾಡಿದ ಪ್ರಕ್ರಿಯೆಗಳನ್ನು ಬರೆದಿಡುವ ಲಾಗ್‌ಬುಕ್ ಇಡಲು ಹೇಳಿದೆ. ಮಾರ್ಗಸೂಚಿ ಚೆನ್ನಾಗಿಯೇ ಇದೆ. ತಿಂಗಳ ಕೊನೆಯಲ್ಲಿ ಇಡೀ ಲಾಗ್‌ಬುಕ್‌ಗೆ ಒಟ್ಟಿಗೆ ರುಜು ಬೀಳುವುದನ್ನು ನಾನು ಕಂಡಿದ್ದೇನೆ, ಹೊಟ್ಟೆ ಉರಿಯುವುದು ಅಲ್ಲಿ.

ಮುಂಬಯಿಯಂಥ ಊರಿನಲ್ಲಿ ರೋಗಿಗಳ ಸಾಲು ಎಷ್ಟು ಉದ್ದವೆಂದರೆ ಕೈ ತಾನಾಗಿಯೇ ಪಳಗುತ್ತದೆ, ಪಕ್ಕದಲ್ಲಿ ನಿಂತು ನೋಡಿ ಫಾರ್ಮ್ ತುಂಬಲು ಯಾರಿಗೆ ಪುರುಸೊತ್ತು ಎಂದು ಒಬ್ಬ ಹಿರಿಯ ವೈದ್ಯರು ಸಮ್ಮೇಳನದಲ್ಲಿ ವಾದಿಸಿದರು. ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳ ಹೊರರೋಗಿ ವಿಭಾಗ ನೋಡಿದವರಾರೂ ಆ ಸಾಲನ್ನು ಅಲ್ಲಗಳೆಯಲಾರರು. ಆದರೆ ತಿದ್ದುವವರಿಲ್ಲದ ಕೈಗೆ ತಪ್ಪು ಅಭ್ಯಾಸವೂ ಅಷ್ಟೇ ಬೇಗ ಅಂಟುತ್ತದೆ, ಅಂಟಿದ್ದು ಸುಲಭದಲ್ಲಿ ಬಿಡುವುದಿಲ್ಲ.

ಕುಂದಾಪುರದ ಕಡೆಯಿಂದ ಬಂದು ಇಲ್ಲಿ ಹೋಟೆಲು ನಡೆಸುವ ನಮ್ಮವರು ಎದೆನೋವೆಂದರೆ ನನಗೇ ಫೋನು ಮಾಡುತ್ತಾರೆ. “ಮಾರಾಯಾ, ನೀನು ಒಳಗೇ ಇರುವವನಲ್ಲವಾ, ಯಾರ ಹತ್ತಿರ ಮಾಡಿಸುವುದು ಹೇಳು” ಎನ್ನುತ್ತಾರೆ. ನಾನು ಹೆಸರು ಹೇಳುತ್ತೇನೆ. ಅಪ್ಪನಿಗೆ ಸ್ಟೆಂಟ್ ಹಾಕಿಸುವಾಗಲೂ ಪದವಿ ನೋಡಲಿಲ್ಲ, ನಾನು ಕಂಡ ಕೈಯನ್ನೇ ಆರಿಸಿದೆ. ನನ್ನಂಥ ಪರಿಚಯದವನಿಲ್ಲದ ಮನೆಯವರು ಏನು ಮಾಡಬೇಕು? ಈ ಪ್ರಶ್ನೆ ನನ್ನನ್ನು ನಿಜವಾಗಿಯೂ ನಿದ್ದೆಗೆಡಿಸುತ್ತದೆ. ಲ್ಯಾಬಿನ ನರ್ಸುಗಳಿಗೆ, ತಂತ್ರಜ್ಞರಿಗೆ ಗೊತ್ತಿರುವ ಸಂಗತಿ ಪರಿಷತ್ತಿಗೆ ಗೊತ್ತಿಲ್ಲ, ಕೇಳುವ ದಾರಿಯನ್ನೂ ಅದು ಮಾಡಿಕೊಂಡಿಲ್ಲ. ಬ್ರಿಟನ್ನಿನಲ್ಲಿ 2012ರಿಂದ ಐದು ವರ್ಷಕ್ಕೊಮ್ಮೆ ನಡೆಯುವ ಮರುಪರಿಶೀಲನೆಯಲ್ಲಿ ರೋಗಿಗಳ ಜೊತೆಗೆ ಸಹೋದ್ಯೋಗಿಗಳ ಅಭಿಪ್ರಾಯವನ್ನೂ ಪಡೆಯುತ್ತಾರೆ.

ನಮ್ಮಲ್ಲಿಯೂ ಐದು ವರ್ಷದ ನವೀಕರಣ ಹೇಗೂ ಇದೆ. ಆ 30 ಅಂಕಗಳಲ್ಲಿ ಒಂದು ಪಾಲನ್ನಾದರೂ ಹಿರಿಯರು ಪಕ್ಕದಲ್ಲಿ ನಿಂತು ನೋಡಿದ ಪ್ರಕ್ರಿಯೆಗಳಿಗೆ ಮತ್ತು ಸಿಮ್ಯುಲೇಟರಿನ ಅಭ್ಯಾಸಕ್ಕೆ ಮೀಸಲಿಡಲಿ. ಹಾಗೆ ನಿಂತು ನೋಡುವ ಅಧ್ಯಾಪಕರ ಆ ದಿನದ ಪಟ್ಟಿಯಿಂದ ಎರಡು ಕೇಸುಗಳನ್ನು ಇಳಿಸಿ, ಆ ಹೊತ್ತನ್ನು ಕಲಿಸುವ ಕೆಲಸವೆಂದೇ ಆಸ್ಪತ್ರೆಗಳು ಬರೆದುಕೊಳ್ಳಲಿ.