ಸ್ಪಷ್ಟನೆ: ‘ಬಾರ್ನಕಲ್’ ಮನೆಯ ಹಳೆಯ ಅಂತಸ್ತು ಮೇಲಿನದು

ಫ್ಲೋರಿಡಾದ ಬಿಸ್ಕೇನ್ ಕೊಲ್ಲಿಯ ದಡದಲ್ಲಿರುವ ‘ಬಾರ್ನಕಲ್’ ಎಂಬ ಮರದ ಮನೆಯ ಚಿತ್ರದ ಜೊತೆಗೆ ‘ಮಯಾಮಿಯ ಅತಿ ಹಳೆಯ ಮನೆ, ಮಹಡಿ ಆಮೇಲೆ ಕಟ್ಟಿದ್ದು’ ಎಂಬ ಸಂದೇಶ ಹರಿದಾಡುತ್ತಿದೆ. ನಾನೂ ಹಂಚಿದ್ದೆ. ಎರಡೂ ಮಾತು ತಪ್ಪು.

ಹಾಯಿದೋಣಿಗಳ ವಿನ್ಯಾಸಕಾರ ರಾಲ್ಫ್ ಮನ್ರೋ 1891ರಲ್ಲಿ ಕಟ್ಟಿದ್ದು ಒಂದೇ ಅಂತಸ್ತಿನ ಮನೆ. ಸಂಸಾರಕ್ಕೆ ಜಾಗ ಸಾಲದಾದಾಗ, 1908ರಲ್ಲಿ ಇಡೀ ಮನೆಯನ್ನೇ ಜಾಕ್ ಕೊಟ್ಟು ಮೇಲೆತ್ತಿ, ಅಡಿಯಲ್ಲಿ ಹೊಸ ಅಂತಸ್ತು ಕೂರಿಸಿದರು. ದೋಣಿ ಎತ್ತಿ ಪಳಗಿದ ಕೈ ಅಲ್ಲವೇ! ಹಾಗಾಗಿ ಹಳೆಯದು ಮೇಲಿನದೇ. ಮನೆ ಇರುವ ಜಾಗ ಈಗ ರಾಜ್ಯ ಉದ್ಯಾನ. ಅಲ್ಲಿ ಹೇಳುವ ಇತಿಹಾಸವೂ ಇದೇ.

ಇನ್ನು ‘ಅತಿ ಹಳೆಯ ಮನೆ’ ಎಂಬ ಮಾತು: ಮಯಾಮಿಯಲ್ಲೇ ಇರುವ ವ್ಯಾಗ್ನರ್ ಎಂಬವರ ಮನೆ ಇದಕ್ಕಿಂತ ಹಳೆಯದು, ಆದರೆ ಅದನ್ನು ಸ್ಥಳಾಂತರಿಸಿದ್ದಾರೆ. ಮಯಾಮಿ-ಡೇಡ್ ಕೌಂಟಿಯಲ್ಲಿ ಕಟ್ಟಿದ ಜಾಗದಲ್ಲೇ ನಿಂತಿರುವ ಮನೆಗಳ ಪೈಕಿ ಬಾರ್ನಕಲ್ ಅತಿ ಹಳೆಯದು, ಅಷ್ಟೇ. ಹಳೆಯ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ.