ಸೈತಾನನಿಗೊಂದು ಗಡಿಯಾರ

ಮಗಳು ಮಾಲ್ಟಾದಲ್ಲಿ ಕೆಲಸದಲ್ಲಿದ್ದಾಳೆ. "ಆಗಸ್ಟಲ್ಲಿ ರಜಾ ಹಾಕ್ತೀನಿ, ಬನ್ನಿ" ಅಂದಳು. ನಮ್ಮ ಮನೆಯವರು ಬೆಂಗಳೂರಲ್ಲೇ ಕೂತು ಟೈಂಟೇಬಲ್ ಬರೆದರು. ಇಡೀ ದೇಶ ಸೇರಿದರೆ 316 ಚದರ ಕಿಲೋಮೀಟರ್, ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. "ನಾಲ್ಕು ದಿನದಲ್ಲಿ ಮುಗಿಸಬಹುದು" ಅಂತ ಅವರ ಲೆಕ್ಕ. ಮುಗಿಸೋಕೆ ಅದೇನು ತಟ್ಟೆಗೆ ಬಡಿಸಿದ ಅನ್ನವೇ?

ಅಲ್ಲಿ ಎಷ್ಟೋ ಇಗರ್ಜಿಗಳಿಗೆ ಎರಡು ಗಡಿಯಾರ. ಒಂದು ಇವರ ಕೈಗಡಿಯಾರಕ್ಕೆ ಸರಿಯಾಗಿ ತಾಳೆಯಾಯಿತು. ಇನ್ನೊಂದು ಆಗಲಿಲ್ಲ. "ರಿಪೇರಿ ಮಾಡಿಸಬಾರದಾ?" ಅಂದರು. ಮಗಳು ನಕ್ಕಳು. ಸರಿಯಾದದ್ದು ಊರಿನವರಿಗಂತೆ, ತಪ್ಪಿನದು ಸೈತಾನನಿಗಂತೆ. ಪೂಜೆಯ ಹೊತ್ತು ಗೊತ್ತಾಗದೆ ಅವನು ತಬ್ಬಿಬ್ಬಾಗಲಿ ಅಂತ. ಕೆಲವು ಕಡೆ ಅದು ಬರೀ ಗೋಡೆಗೆ ಬರೆದ ಚಿತ್ರ, ಮುಳ್ಳು ಅಲ್ಲಾಡುವುದೇ ಇಲ್ಲ. ಈ ಕಾಲದಲ್ಲಿ ಸೈತಾನನ ಹತ್ತಿರ ಮೊಬೈಲ್ ಇರುವುದಿಲ್ಲವೇ ಅಂತ ನನ್ನ ಅನುಮಾನ. ಆದರೂ ಆ ಸುಳ್ಳು ಗಡಿಯಾರ ನನಗೆ ಹಿಡಿಸಿಬಿಟ್ಟಿತು.

ಇವರಿಗೆ ಹಿಡಿಸಲಿಲ್ಲ. ಮಧ್ಯಾಹ್ನ ಒಂದೂವರೆಗೆ 'ಶಾಪಿಂಗ್' ಅಂತ ಬರೆದಿದ್ದರು. ಹೋಗಿ ನೋಡಿದರೆ ಬೀದಿಯ ಬಾಗಿಲೆಲ್ಲ ಮುಚ್ಚಿದೆ. ಒಂದಕ್ಕೆ ಹಾಕಿದ ಅಂಗಡಿ ನಾಲ್ಕಕ್ಕೆ ತೆಗೆಯುತ್ತದೆ. ಮನೆಗಳೆಲ್ಲ ಸುಣ್ಣಕಲ್ಲಿನವು, ಹಾಲಿಗೆ ಚಿಟಿಕೆ ಅರಿಶಿನ ಹಾಕಿದ ಬಣ್ಣ. ಆ ಬಿಸಿಲಿಗೆ ಕಲ್ಲು ನೋಡಿದರೆ ಕಣ್ಣು ತಾನಾಗಿ ಮುಚ್ಚುತ್ತದೆ. ವಾಪಸ್ ಬಂದು ಮಲಗಿದೆವು.

ಬಸ್ ಸ್ಟಾಪಿನಲ್ಲಿ ಇವರು ಒಬ್ಬ ಅಜ್ಜಿಯನ್ನು ಕೇಳಿದರು, ಬಸ್ ಎಷ್ಟು ಹೊತ್ತಿಗೆ ಅಂತ. ಅಜ್ಜಿ "ಮೇಲಾ..." ಅಂತ ಎಳೆದು ಸುಮ್ಮನಾದರು. ಅದು ಹತ್ತು ನಿಮಿಷವೋ ಅರ್ಧ ಗಂಟೆಯೋ ಅಂತ ಇವರಿಗೆ ಚಡಪಡಿಕೆ. ಆಮೇಲೆ ಗೊತ್ತಾಯಿತು, ಅದು ನಮ್ಮ 'ಮತ್ತೆ' ಇದ್ದ ಹಾಗೆ. ಹೌದು ಅನ್ನೋಕೂ ಮೇಲಾ, ಮಾತು ಶುರು ಮಾಡೋಕೂ ಮೇಲಾ, ಸುಮ್ನೆ ಬಾಯಿಗೆ ಬಂದಿದ್ದಕ್ಕೂ ಮೇಲಾ. ಬಸ್ ಬರುವಷ್ಟರಲ್ಲಿ ನಾನು ಬಟಾಣಿ ತುಂಬಿದ ಪಾಸ್ಟಿಟ್ಸಿ ಎರಡು ಮುಗಿಸಿದೆ. ನಮ್ಮ ಬೇಕರಿ ಪಫ್ಸಿನ ಹತ್ತಿರದ ನೆಂಟ. ಪದರು ಮಾತ್ರ ಇನ್ನೂ ಜಾಸ್ತಿ, ಸೆರಗಿನ ತುಂಬ ಪುಡಿ.

ಆಗಸ್ಟ್ 15ರ ಬೆಳಗ್ಗೆ ಢಮಾರ್ ಅಂತ ಸದ್ದು. ಇವರು ಎದ್ದು ಕೂತು, "ನಮ್ಮ ಸ್ವಾತಂತ್ರ್ಯ ದಿನ ಇಲ್ಲೂ ಮಾಡ್ತಾರಾ?" ಅಂದರು. ಅವತ್ತು ಸಾಂತಾ ಮರಿಯಾ ಹಬ್ಬ, ಅದರ ಪಟಾಕಿ. ಹಬ್ಬದ ಊರುಗಳಲ್ಲಿ ಮೊಸ್ತಾ ಒಂದು, ಅಲ್ಲಿಗೇ ಹೋದೆವು. ಭಾರಿ ಗುಮ್ಮಟದ ಇಗರ್ಜಿ. 1942ರ ಏಪ್ರಿಲ್ 9ರಂದು ಜರ್ಮನ್ ಬಾಂಬೊಂದು ಆ ಗುಮ್ಮಟ ತೂರಿ ಒಳಗೆ ಬಿತ್ತು. ಸಂಜೆ ಪೂಜೆಗೆ 250ಕ್ಕೂ ಜಾಸ್ತಿ ಜನ ಸೇರಿದ್ದರು. ಬಾಂಬ್ ಸಿಡಿಯಲಿಲ್ಲ. ಅಂಥದ್ದೇ ಒಂದರ ಪ್ರತಿಕೃತಿ ಒಳಗಿಟ್ಟಿದ್ದಾರೆ. ಹೊರಗೆ ಬಂದು ನೋಡಿದರೆ ಇಲ್ಲೂ ಎರಡು ಗಡಿಯಾರ. ಅವತ್ತು ಸೈತಾನ ಅದು ಹೇಗೋ ಸರಿಯಾದದ್ದನ್ನೇ ನೋಡಿಬಿಟ್ಟಿದ್ದ. ಹೊತ್ತು ಸಿಕ್ಕಿತು, ಕೆಲಸ ಕೆಟ್ಟಿತು ಅಷ್ಟೇ.

ಗೋಜೋ ದ್ವೀಪಕ್ಕೆ ಬೆಳಗಿನ ಮೊದಲ ಹಡಗು ಅಂತ ಬರೆದಿತ್ತು. ಹೊರಟಿದ್ದು ಹನ್ನೊಂದಕ್ಕೆ. ಇವರು ಏನೂ ಅನ್ನಲಿಲ್ಲ. ಟೈಂಟೇಬಲ್ ಹಾಳೆ ಅಷ್ಟರಲ್ಲಿ ಪಾಸ್ಟಿಟ್ಸಿಯ ಎಣ್ಣೆ ಕುಡಿದಿತ್ತು.

ಊರಿಗೆ ಬಂದು ತಿಂಗಳಾಯಿತು. ಇವರು ಕೈಗಡಿಯಾರವನ್ನು ಇನ್ನೂ ಮುಂದಕ್ಕೆ ತಿರುಗಿಸಿಲ್ಲ. ಮೂರೂವರೆ ಗಂಟೆ ಹಿಂದಿದೆ. ಸಂಜೆ ಐದಾಯಿತು, ಹಾಲು ತನ್ನಿ ಅಂತ ಗೋಡೆ ಗಡಿಯಾರ ತೋರಿಸಿದರೆ, ಕೈ ಎತ್ತಿ ನೋಡುತ್ತಾರೆ. "ಒಂದೂವರೆ ಕಣೇ, ಅಂಗಡಿ ಮುಚ್ಚಿರುತ್ತೆ" ಅಂತ ಮಗ್ಗುಲು ಬದಲಿಸುತ್ತಾರೆ.